ಕಳ್ಳಸುಂಕ – ಒಂಬತ್ತನೆಯ ಕಂತು: ಕಂದು ಟೇಪಿನ ಅಡಿಯಲ್ಲಿ

"ಆ ಟೇಪು ಕೀಳಬೇಡಿ ಬಾಯಿ, ಅದು ಕಸ್ಟಮ್ಸ್‌ನವರ ಸೀಲು!"

ಕೊರಿಯರ್ ಆಫೀಸಿನ ಮಾಲೀಕ ಪ್ರೇಮ್ ಕುರ್ಚಿಯಿಂದ ಅರ್ಧಕ್ಕೆ ಎದ್ದಿದ್ದ. ಊರಿನವರೆಲ್ಲ ಗೌರವದಿಂದ 'ಬಾಯಿ' ಎನ್ನುವ ಏವ್ರಿಲ್ ಲಸ್ರಾದೊ ಅವನತ್ತ ನೋಡಲೂ ಇಲ್ಲ. ಕನ್ನಡಕ ತೆಗೆದು ಮೂಗಿನ ಮೇಲಿಟ್ಟು, ಮೇಜಿನ ಮೇಲಿದ್ದ ಉದ್ದನೆಯ ರಟ್ಟಿನ ಪೆಟ್ಟಿಗೆಯ ಮೇಲೆ ಬಾಗಿದಳು.

"ಕಸ್ಟಮ್ಸ್‌ನ ಟೇಪಿನ ಮೇಲೆ ಕಸ್ಟಮ್ಸ್ ಅಂತ ಅಚ್ಚಾಗಿರ್ತದೆ ಪ್ರೇಮ್. ಇದು ಯಾವ ಅಂಗಡಿಯಲ್ಲಿಯೂ ಸಿಗುವ ಕಂದು ಟೇಪು. ಪಣಂಬೂರಿನ ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ ಮೂವತ್ತೊಂದು ವರ್ಷ ಕೂತವಳಿಗೆ ನೀನು ಸೀಲು ಯಾವುದು ಅಂತ ಹೇಳಿಕೊಡ್ತೀಯಾ?"

ಅವಳ ಪಕ್ಕದಲ್ಲಿ ಪ್ರಣೀತಾ ಎರಡೂ ಕೈಗಳನ್ನು ಮುಷ್ಟಿ ಹಿಡಿದು ನಿಂತಿದ್ದಳು. ಕುಲಶೇಖರದ ಹುಡುಗಿ. ಮದುವೆ ಮನೆಗಳಲ್ಲಿ, ಭೂತದ ಕೋಲಗಳಲ್ಲಿ ಸ್ಯಾಕ್ಸೊಫೋನ್ ನುಡಿಸುವವಳು. ಮೂರು ವರ್ಷದ ಸಂಪಾದನೆ ಕೂಡಿಟ್ಟು ಜಪಾನಿನ ಅಂಗಡಿಯೊಂದರಿಂದ ಹೊಸ ವಾದ್ಯ ತರಿಸಿದ್ದಳು. ಅದು ಊರಿಗೆ ಬಂದು ಮೂರು ವಾರವಾಗಿತ್ತು. ಅವಳ ಕೈಗೆ ಮಾತ್ರ ಬಂದಿರಲಿಲ್ಲ. ಮೊದಲು ಆಮದು ಸುಂಕವೆಂದು ಒಂದು ಚೀಟಿ. ಅದನ್ನು ಕಟ್ಟಿದಳು. ಮೇಲಿಂದ ದಂಡವೆಂದು ಇನ್ನೊಂದು ಚೀಟಿ, ಅದರ ದುಪ್ಪಟ್ಟು. "ಕಟ್ಟಬೇಡಿ ಅಕ್ಕ, ಚೀಟಿಯೇ ಸುಳ್ಳು" ಎಂದು ಗುಟ್ಟಾಗಿ ಫೋನು ಮಾಡಿದವನು ಇದೇ ಆಫೀಸಿನ ಗುಮಾಸ್ತ ದೀಕ್ಷಿತ್. ಆ ಸಂಜೆಯೇ ಅವನು ಕಾಣೆಯಾಗಿದ್ದ. ಅವನ ಸ್ಕೂಟರು ಕೂಳೂರು ಸೇತುವೆಯ ಬದಿಯಲ್ಲಿ ಸಿಕ್ಕಿ ಇಂದಿಗೆ ನಾಲ್ಕು ದಿನ.

ಆ ಸೇತುವೆಯಿಂದ ಇವರು ನಿಂತಿದ್ದ ನೀಲಿತೀರ ಕೊರಿಯರ್ಸ್‌ನ ಗೋದಾಮಿಗೆ ನಡೆದರೆ ಹತ್ತು ನಿಮಿಷ.

"ದೀಕ್ಷಿತ್ ಮಾಡಿದ ಮೋಸಕ್ಕೆ ನನ್ನನ್ನು ಯಾಕೆ ಹಿಡೀತೀರಿ?" ಪ್ರೇಮ್ ಧ್ವನಿ ಇಳಿಸಿದ. ಇಸ್ತ್ರಿ ಮುರಿಯದ ಬಿಳಿ ಶರ್ಟು, ಮೆತ್ತಗಿನ ಮಾತು. "ಅವನೇ ಕಳ್ಳ ಚೀಟಿ ಮಾಡಿ ದುಡ್ಡು ತಿಂದ. ಸಿಕ್ಕಿಬೀಳ್ತೇನೆ ಅಂತ ಗೊತ್ತಾಗಿ ಹೊಳೆಗೆ ಹಾರಿದ. ಪಾಪ, ಅವನ ಅಮ್ಮನ ಮುಖ ನೋಡ್ಲಿಕ್ಕಾಗುವುದಿಲ್ಲ. ಪೊಲೀಸರಿಗೆ ಎಲ್ಲ ಬರೆದು ಕೊಟ್ಟಿದ್ದೇನೆ."

"ಹೆಣ ಸಿಕ್ಕಿತಾ?"

"ಹೊಳೆ ಅಲ್ವಾ ಬಾಯಿ. ಸಮುದ್ರಕ್ಕೆ ಹೋದ್ರೆ ಎಂತ ಸಿಗ್ತದೆ?"

ಏವ್ರಿಲ್ ಮೊದಲನೆಯ ಚೀಟಿಯನ್ನು ಬ್ಯಾಗಿನಿಂದ ತೆಗೆದು ಪೆಟ್ಟಿಗೆಯ ಪಕ್ಕದಲ್ಲಿ ಹರಡಿದಳು. ಕಳೆದ ಎರಡು ದಿನ ಬಲ್ಮಠದ ತನ್ನ ಒಂಟಿ ಕೋಣೆಯ ಆಫೀಸಿನಲ್ಲಿ ಅವಳು ನೋಡಿದ್ದು ಇದೊಂದನ್ನೇ. ನಿವೃತ್ತಿಯ ನಂತರ ಆ ಕೋಣೆಯಲ್ಲಿ ಕೂತು, ವಿದೇಶದಿಂದ ಸಾಮಾನು ತರಿಸಿ ಕಾಗದಪತ್ರದಲ್ಲಿ ಸಿಕ್ಕಿಬಿದ್ದವರಿಗೆ ದಾರಿ ತೋರಿಸುವುದು ಅವಳ ಕೆಲಸ. ನೂರಾರು ಚೀಟಿ ನೋಡಿದ್ದಳು. ಇಂಥದ್ದನ್ನು ನೋಡಿರಲಿಲ್ಲ.

"ದೀಕ್ಷಿತ್ ಇಲ್ಲಿ ಸೇರಿ ಎಷ್ಟು ಸಮಯ ಆಯ್ತು?"

"ಎಂಟು ತಿಂಗಳು."

"ಅದಕ್ಕೆ ಮುಂಚೆ?"

"ಮೊಬೈಲ್ ಅಂಗಡಿಯಲ್ಲಿದ್ದ."

"ಹಾಗಾದ್ರೆ ಇದನ್ನು ಅವನು ಮಾಡಿದ್ದಲ್ಲ." ಏವ್ರಿಲ್ ಚೀಟಿಯ ಮಧ್ಯದ ಸಾಲಿನ ಮೇಲೆ ಬೆರಳಿಟ್ಟಳು. "ಇಲ್ಲಿ ನೋಡು. ಸುಂಕ ಹಾಕುವುದು ಬರೀ ಸಾಮಾನಿನ ಬೆಲೆಯ ಮೇಲಲ್ಲ. ಸಾಗಾಟದ ಖರ್ಚು, ವಿಮೆ, ಎರಡೂ ಸೇರಿಸಿ ಅದರ ಮೇಲೆ. ಅಂಗಡಿಯವನ ಬಿಲ್ಲಿನಲ್ಲಿ ಸಾಗಾಟಕ್ಕೆ ಹದಿನಾರು ಸಾವಿರದ ಐನೂರು ಯೆನ್ ಅಂತ ಸ್ಪಷ್ಟ ಉಂಟು. ಬೆಲೆಯ ಎಂಟು ಪರ್ಸೆಂಟೂ ಆಗುವುದಿಲ್ಲ. ಆದ್ರೆ ಈ ಚೀಟಿಯಲ್ಲಿ ಇಪ್ಪತ್ತು ಪರ್ಸೆಂಟ್ ಹಾಕಿದ್ದಾರೆ. ವಿಮೆಗೆ ಒಂದು ಪಾಯಿಂಟ್ ಒಂದು ಎರಡು ಐದು ಪರ್ಸೆಂಟ್."

"ಅದಕ್ಕೆ ಎಂತ ಈಗ?"

"ಸಾಗಾಟದ ಖರ್ಚು, ವಿಮೆಯ ಖರ್ಚು ಎಷ್ಟು ಅಂತ ಗೊತ್ತೇ ಇಲ್ಲದಾಗ ಕಸ್ಟಮ್ಸ್‌ನವರು ಹಿಡಿಯುವ ಲೆಕ್ಕ ಅದು. ಮೊಬೈಲ್ ಅಂಗಡಿಯ ಹುಡುಗ ಸುಳ್ಳು ಬರೆದರೆ ಹತ್ತು ಅಂತ ಬರೀತಾನೆ, ಇಪ್ಪತ್ತೈದು ಅಂತ ಬರೀತಾನೆ. ಒಂದು ಪಾಯಿಂಟ್ ಒಂದು ಎರಡು ಐದು ಅಂತ ಬರೆಯುವುದಿಲ್ಲ."

ಪ್ರೇಮ್ ಚೀಟಿಯನ್ನು ಎಳೆದುಕೊಳ್ಳಲು ಕೈ ಚಾಚಿದ. ಏವ್ರಿಲ್ ಬೆರಳು ತೆಗೆಯಲಿಲ್ಲ.

"ಇನ್ನೂ ಉಂಟು. ಯೆನ್ನಿನ ಬೆಲೆ ನೋಡು. ಕಸ್ಟಮ್ಸ್‌ಗೆ ಅವರದ್ದೇ ದರ ಇರ್ತದೆ, ಹದಿನೈದು ದಿನಕ್ಕೊಮ್ಮೆ ಹೊರಡಿಸ್ತಾರೆ. ಪೇಟೆಯಲ್ಲಿ ಎಂತ ಆದ್ರೂ ಅಷ್ಟು ದಿನ ಅದೇ. ಇಲ್ಲಿ ಹಾಕಿದ್ದು ಆ ದಿನ ಬೆಳಿಗ್ಗೆ ಮೊಬೈಲಿನಲ್ಲಿ ಕಾಣುವ ದರ. ನನ್ನ ಆಫೀಸಿನಲ್ಲಿ ಹೊಸದಾಗಿ ಸೇರಿದವರು ಕೂಡ ಈ ತಪ್ಪು ಎರಡನೆಯ ಸಲ ಮಾಡಿದವರಿಲ್ಲ."

ಅವಳು ಚೀಟಿಯನ್ನು ಮಡಚಿದಳು. ಮುಂದಿನ ಮಾತನ್ನು ಪ್ರೇಮ್‌ಗೆ ಹೇಳಿದಳೋ ತನಗೇ ಹೇಳಿಕೊಂಡಳೋ ಅವಳಿಗೇ ಗೊತ್ತಾಗಲಿಲ್ಲ.

"ಇದನ್ನು ಮಾಡಿದವರಿಗೆ ಈ ಕೆಲಸ ಕೇಳಿ ಗೊತ್ತುಂಟು. ಮಾಡಿ ಗೊತ್ತಿಲ್ಲ."

ಅಷ್ಟು ಹೇಳಿ ಪೆಟ್ಟಿಗೆಯ ಮೇಲಿದ್ದ ಕಂದು ಟೇಪಿನ ತುದಿಯನ್ನು ಉಗುರಿನಿಂದ ಎಬ್ಬಿಸಿ ಒಂದೇ ಎಳೆತಕ್ಕೆ ಕಿತ್ತಳು.

ಅಡಿಯಲ್ಲಿ ಜಪಾನಿನಿಂದ ಬಂದ ಮೂಲ ಲೇಬಲ್ಲಿತ್ತು. ಪ್ರಣೀತಾಳ ಹೆಸರು, ವಿಳಾಸ. ಅದರ ಕೆಳಗೆ ದಪ್ಪಕ್ಷರದಲ್ಲಿ ಮೂರು ಇಂಗ್ಲಿಷ್ ಅಕ್ಷರ: ಡಿ, ಡಿ, ಪಿ.

"ಪ್ರಣೀತಾ, ಇದನ್ನು ಓದು."

"ಡಿಡಿಪಿ. ಎಂತ ಆಂಟಿ ಅದು?"

"ಕಳಿಸುವವನೇ ಸುಂಕವನ್ನೂ ಕಟ್ಟುವ ಒಪ್ಪಂದ ಅಂತ ಅರ್ಥ. ನೀನು ಆನ್‌ಲೈನಿನಲ್ಲಿ ದುಡ್ಡು ಕೊಟ್ಟೆಯಲ್ಲ, ಅದರಲ್ಲೇ ನಿನ್ನ ಸುಂಕ ಸೇರಿತ್ತು. ಈ ಪೆಟ್ಟಿಗೆ ವಿಮಾನದಿಂದ ಇಳಿದ ಊರಿನಲ್ಲೇ ಸುಂಕ ಕಟ್ಟಿ ಆಗಿದೆ. ಮಂಗಳೂರಿಗೆ ಬರುವಾಗ ಇದರ ಮೇಲೆ ಒಂದು ಪೈಸೆ ಬಾಕಿ ಇರ್ಲಿಲ್ಲ. ಅದಕ್ಕೇ ಈ ಮೂರು ಅಕ್ಷರದ ಮೇಲೆ ಟೇಪು ಬಂದದ್ದು."

ಪ್ರಣೀತಾಳ ಮುಖ ಕೆಂಪಾಯಿತು. ಹದಿನೇಳು ಮದುವೆ ನುಡಿಸಿದ ದುಡ್ಡು ಆ ಮೊದಲ ಚೀಟಿಗೆ ಹೋಗಿತ್ತು. ಬಿಸಿಲಿಗೆ ನಿಂತು, ದಿಬ್ಬಣದ ಮುಂದೆ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ, ಗಾಳಿ ಸೋರುವ ಅಪ್ಪನ ಹಳೆಯ ವಾದ್ಯದಲ್ಲಿ ಉಸಿರು ಸುರಿದು ಮಾಡಿದ ದುಡ್ಡು.

"ನಂದಾ ಹಾಗಾದ್ರೆ ಇದು?" ಅವಳು ಕೇಳಿದಳು.

"ನಿಂದೇ."

"ಯಾರಿಗೂ ಎಂತದೂ ಕೊಡ್ಲಿಕ್ಕಿಲ್ಲ?"

"ಎಂತದೂ ಇಲ್ಲ."

ಪ್ರಣೀತಾ ಮೇಜಿನ ಮೇಲಿದ್ದ ಕತ್ತರಿ ಎತ್ತಿಕೊಂಡಳು.

"ಏಯ್, ಎಂತ ಮಾಡ್ತೀ?" ಪ್ರೇಮ್ ಮೇಜು ಸುತ್ತಿ ಬಂದ. "ದಂಡದ ವಿಷಯ ಇತ್ಯರ್ಥ ಆಗುವವರೆಗೆ ಮಾಲು ಮುಟ್ಟುವ ಹಾಗಿಲ್ಲ!"

ಏವ್ರಿಲ್ ಅವನ ದಾರಿಗೆ ಅಡ್ಡ ನಿಂತಳು. ಐವತ್ತಾರು ವಯಸ್ಸು, ಮೊಣಕಾಲು ನೋವು, ಅವನ ಎದೆಯವರೆಗೆ ಮಾತ್ರ ಬರುವ ಎತ್ತರ. ಆದರೂ ಅವನು ನಿಂತ.

"ಯಾವ ದಂಡ? ಯಾವ ಆರ್ಡರು? ನಂಬರ್ ತೋರಿಸು. ಅಧಿಕಾರಿಯ ಸಹಿ ತೋರಿಸು. ನಾನೇ ಕೂತು ಓದ್ತೇನೆ."



ಹಿಂದೆ ರಟ್ಟು ಹರಿಯುವ ಸದ್ದು, ಪ್ಲಾಸ್ಟಿಕ್ಕಿನ ಗುಳ್ಳೆಗಳು ಪಟಪಟನೆ ಒಡೆಯುವ ಸದ್ದು. ಆಮೇಲೆ ಬೀಗಗಳೆರಡು ಟಕ್ಕೆಂದವು. ಪ್ರಣೀತಾ ಮುಚ್ಚಳ ಎತ್ತಿದಳು. ಕಪ್ಪು ಮಖಮಲ್ಲಿನ ಮೇಲೆ ಮಲಗಿದ್ದ ಹೊಂಬಣ್ಣದ ವಾದ್ಯವನ್ನು ಒಂದು ಗಳಿಗೆ ನೋಡಿದಳು. ಕೊಳವೆಯನ್ನು ಜೋಡಿಸಿ, ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡಳು. ಕೈಚೀಲದಲ್ಲಿ ಸದಾ ಇಟ್ಟುಕೊಳ್ಳುವ ಸ್ವರ ಹೊರಡಿಸುವ ಜೊಂಡಿನ ಪುಟ್ಟ ರೀಡನ್ನು ನಾಲಗೆಯಲ್ಲಿ ಒದ್ದೆ ಮಾಡಿ ಬಿಗಿದಳು.

ಊದಿದಳು.

ಒಂದೇ ಸ್ವರ. ತಗಡಿನ ಮಾಡು ಗುಂಯ್ಗುಟ್ಟಿತು. ಕಪಾಟಿನಲ್ಲಿದ್ದ ಪಾರ್ಸೆಲ್ಲುಗಳ ಮೇಲಿನ ಧೂಳು ಎದ್ದಿತೋ ಎನ್ನುವಷ್ಟು ದೊಡ್ಡ ಸ್ವರ. ಉಸಿರು ಮುಗಿಯುವವರೆಗೂ ಅವಳು ಅದನ್ನು ಬಿಡಲಿಲ್ಲ. ಹೆದ್ದಾರಿಯ ಬದಿಯ ಚಹಾದಂಗಡಿಯಿಂದ ನಾಲ್ಕೈದು ಜನ ಎದ್ದು ಬಾಗಿಲಿಗೆ ಬಂದರು. ಪಕ್ಕದ ಟಯರ್ ಅಂಗಡಿಯ ಹಾಶಿಂ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡೇ ಇಣುಕಿದ.

"ಎಂತ ಗಲಾಟೆ ಪ್ರೇಮಣ್ಣ?"

"ಗಲಾಟೆ ಎಂತದೂ ಇಲ್ಲ," ಪ್ರಣೀತಾ ಗಟ್ಟಿಯಾಗಿ ಹೇಳಿದಳು. "ನನ್ನ ಸಾಮಾನು ನಾನು ತಕ್ಕೊಂಡು ಹೋಗ್ತಿದ್ದೇನೆ. ಸುಂಕ ಮೊದಲೇ ಕಟ್ಟಿದ ಸಾಮಾನು. ಇಲ್ಲಿ ಇವರು ಇನ್ನೊಮ್ಮೆ ಕಟ್ಟಿಸಿಕೊಳ್ತಾರೆ. ನಿಮ್ಮ ಮನೆಗೆ ಎಂತಾದರೂ ಬಂದಿದ್ರೆ ಚೀಟಿ ತೆಗೆದು ನೋಡಿ."

ಹಾಶಿಂನ ಹುಬ್ಬು ಮೇಲೇರಿತು. "ನನ್ನ ಭಾವ ಚೀನಾದಿಂದ ಒಂದು ಮೆಷಿನ್ ತರಿಸಿದ್ದ ಮಾರಾಯ್ರೆ…"

ಪ್ರೇಮ್ ಹೋಗಿ ಬಾಗಿಲು ಹಾಕಿಕೊಂಡ. ತಿರುಗಿದಾಗ ಅವನ ಮುಖದಲ್ಲಿ ಮೊದಲಿನ ಮೆತ್ತಗಿನ ನಗು ಇರಲಿಲ್ಲ. ಏವ್ರಿಲ್‌ಳನ್ನು ಸ್ವಲ್ಪ ಹೊತ್ತು ನೋಡಿದ. ಕನಿಕರದಿಂದ ನೋಡುವ ಹಾಗಿತ್ತು ಆ ನೋಟ. ಅದೇ ಅವಳಿಗೆ ಸರಿಬರಲಿಲ್ಲ.

"ನಿಮಗೆ ನಿಜವಾಗಿ ಗೊತ್ತಿಲ್ಲವಾ ಬಾಯಿ, ಅಥವಾ ನಾಟಕವಾ?"

"ಎಂತ ಗೊತ್ತಿಲ್ಲ?"

ಅವನು ಕಪಾಟಿನ ಬೀಗ ತೆಗೆದು ಒಂದು ಫೈಲು ಹೊರತೆಗೆದ. ಅದರಿಂದ ಎರಡು ಹಾಳೆಗಳನ್ನು ಬಿಡಿಸಿ ಮೇಜಿನ ಮೇಲೆ ಅವಳ ಕಡೆಗೆ ತಳ್ಳಿದ.

ಒಪ್ಪಂದದ ಪತ್ರ. ನೀಲಿತೀರ ಕೊರಿಯರ್ಸ್‌ಗೆ ಬರುವ ವಿದೇಶಿ ಪಾರ್ಸೆಲ್ಲುಗಳ ಸುಂಕದ ಲೆಕ್ಕವನ್ನೆಲ್ಲ ನೋಡಿಕೊಳ್ಳುವ ಸಲಹೆಗಾರರು ಇವರು. ಗಿರಾಕಿಗಳಿಂದ ಬಂದ ಹಣದಲ್ಲಿ ಹದಿನೈದು ಪಾಲು ಮಾಲೀಕನಿಗೆ, ಉಳಿದ ಎಂಬತ್ತೈದು ಪಾಲು ಇವರ ಖಾತೆಗೆ. ಕೆಳಗೆ ಖಾತೆಯ ನಂಬರು. ಅದರ ಕೆಳಗೆ ಹೆಸರು.

ಏವ್ರಿಲ್ ಲಸ್ರಾದೊ.

ಹೆಸರಿನ ಮೇಲೆ ಸಹಿ. ಕೊನೆಯ ಅಕ್ಷರದ ಬಾಲ ಹಿಂದಕ್ಕೆ ಸುತ್ತಿ ಮೊದಲ ಅಕ್ಷರವನ್ನು ಮುಟ್ಟುವ ಸಹಿ. ಯಾರೋ ನೋಡಿ ಬರೆದದ್ದಲ್ಲ; ಕೈ ತಾನಾಗಿ ಓಡಿದ ಓಟ ಅದರಲ್ಲಿತ್ತು.

ಅದು ಅವಳದೇ ಸಹಿ.

ಗೋದಾಮಿನ ಫ್ಯಾನು ತಿರುಗುವ ಸದ್ದು ಇದ್ದಕ್ಕಿದ್ದಂತೆ ದೊಡ್ಡದಾಗಿ ಕೇಳಿತು. ಪತ್ರದ ತಾರೀಖು ಎರಡು ವರ್ಷ ಹಿಂದಿನದು. ಏವ್ರಿಲ್ ಜೀವಮಾನದಲ್ಲಿ ಸಾವಿರಾರು ಕಾಗದಕ್ಕೆ ಸಹಿ ಹಾಕಿದವಳು, ಆದರೆ ಓದದೆ ಹಾಕಿದವಳಲ್ಲ. ಈ ಕಾಗದವನ್ನು ಅವಳು ಓದಿರಲಿಲ್ಲ.

"ದೀಕ್ಷಿತ್‌ಗೆ ಫೋನಿನಲ್ಲಿ ಆರ್ಡರ್ ಕೊಡ್ತಿದ್ದದ್ದು ಏವ್ರಿಲ್ ಮೇಡಂ. ದುಡ್ಡು ಹೋಗ್ತಿದ್ದದ್ದು ಏವ್ರಿಲ್ ಮೇಡಂ ಖಾತೆಗೆ. ನನಗೆ ಬರೀ ಕಮಿಷನ್," ಎಂದ ಪ್ರೇಮ್. "ಈಗ ನೀವು ಪೊಲೀಸರ ಹತ್ರ ಹೋಗಿ. ಮೊದಲು ಬರುವ ಹೆಸರು ಯಾರದ್ದು? ಈ ಹುಡುಗಿಗೆ ಅವಳ ದುಡ್ಡು ನಾನೇ ವಾಪಸು ಕೊಡ್ತೇನೆ. ವಾದ್ಯವೂ ತಕ್ಕೊಂಡು ಹೋಗ್ಲಿ. ಮನೆಯ ವಿಷಯ ಮನೆಯಲ್ಲೇ ಇದ್ರೆ ಚಂದ ಅಲ್ವಾ ಬಾಯಿ?"

"ದೀಕ್ಷಿತ್?"

"ಹೋದವನು ಹೋದ."

ಪ್ರಣೀತಾ ಏವ್ರಿಲ್‌ಳ ಮುಖ ನೋಡುತ್ತಿದ್ದಳು. ಆ ನೋಟದಲ್ಲಿ ಮೊದಲ ಸಲ ಒಂದು ಅನುಮಾನದ ಎಳೆ ಹಾದುಹೋದದ್ದು ಏವ್ರಿಲ್‌ಗೆ ಕಾಣಿಸಿತು. ಅವಳು ಕನ್ನಡಕ ತೆಗೆದಳು, ಸೀರೆಯ ಸೆರಗಿನಲ್ಲಿ ಒರೆಸಿದಳು, ಮತ್ತೆ ಹಾಕಿಕೊಂಡಳು. ಫೋನು ತೆಗೆದು ಎರಡೂ ಹಾಳೆಗಳ, ಪೆಟ್ಟಿಗೆಯ ಲೇಬಲ್ಲಿನ ಫೋಟೋ ಹಿಡಿದಳು.

"ಎಂತ ಮಾಡ್ತಿದ್ದೀರಿ?"

"ನಕಲು ತಕ್ಕೊಳ್ತಿದ್ದೇನೆ. ಪೊಲೀಸರಿಗೆ ಕೊಡ್ಲಿಕ್ಕೆ ಬೇಕಲ್ಲ."

"ತಲೆ ಸರಿ ಉಂಟಾ ನಿಮಗೆ? ನಿಮ್ಮನ್ನೇ ಒಳಗೆ ಹಾಕ್ತಾರೆ!"

"ಹಾಕ್ಲಿ." ಏವ್ರಿಲ್ ಬ್ಯಾಗಿನ ಜಿಪ್ಪು ಎಳೆದಳು. "ಮೂವತ್ತೊಂದು ವರ್ಷ ನನ್ನ ಸಹಿ ನೋಡಿ ಕಸ್ಟಮ್ಸ್‌ನವರು ಪೆಟ್ಟಿಗೆ ಬಿಚ್ಚದೆ ಬಿಡ್ತಿದ್ರು ಪ್ರೇಮ್. ಅದೇ ಸಹಿ ಹಿಡ್ಕೊಂಡು ನೀನು ಬಡವರ ಪೆಟ್ಟಿಗೆಗೆ ಟೇಪು ಹಾಕಿದ್ದೀ. ನಾನು ಬಾಯಿ ಮುಚ್ಚಿಕೊಂಡು ಮನೆಗೆ ಹೋಗ್ತೇನೆ ಅಂತ ನಿನಗೆ ಯಾರು ಹೇಳಿದ್ದು?"

ಪ್ರೇಮ್ ಹಾಳೆಗಳನ್ನು ಎಳೆದುಕೊಂಡು ಫೈಲಿಗೆ ಸೇರಿಸಿದ.

* * *

ಠಾಣೆಗೆ ಹೊರಟ ರಿಕ್ಷಾ ಹೆದ್ದಾರಿ ಬಿಟ್ಟು ಪೇಟೆಯ ಕಡೆ ತಿರುಗಿತು. ವಾದ್ಯದ ಪೆಟ್ಟಿಗೆ ಇಬ್ಬರ ತೊಡೆಗಳ ಮೇಲೂ ಅಡ್ಡಲಾಗಿ ಮಲಗಿತ್ತು.

"ಆಂಟಿ… ಆ ಸಹಿ?"

"ನನ್ನದೇ."

ಪ್ರಣೀತಾ ಹೊರಗೆ ನೋಡಿದಳು. "ಕಳ್ಳ ಸಹಿ ಅಂತ ಹೇಳಿದ್ರೂ ಆಗ್ತಿತ್ತು ನಿಮಗೆ. ನನಗೆ ಹೇಗೆ ಗೊತ್ತಾಗ್ತಿತ್ತು?"

"ನಿನಗೆ ಗೊತ್ತಾಗ್ತಿರ್ಲಿಲ್ಲ. ಸಹಿ ಪರೀಕ್ಷೆ ಮಾಡುವವರಿಗೆ ಗೊತ್ತಾಗ್ತದೆ. ಒಂದು ಸುಳ್ಳು ಹೇಳಿದ್ರೆ ಆಮೇಲೆ ನಾನು ಹೇಳಿದ ಯಾವ ನಿಜವೂ ನಿಲ್ಲುವುದಿಲ್ಲ. ಆ ಹುಡುಗನ ಹೆಸರಿಗೆ ಹಚ್ಚಿದ ಮಸಿಯೂ ಹೋಗುವುದಿಲ್ಲ."

ಸ್ವಲ್ಪ ದೂರ ಹೋದ ಮೇಲೆ ಪ್ರಣೀತಾ ತನ್ನ ಕೈಯನ್ನು ಪೆಟ್ಟಿಗೆಯ ಮೇಲಿಂದ ಸರಿಸಿ ಏವ್ರಿಲ್‌ಳ ಕೈಯ ಮೇಲಿಟ್ಟಳು. ಏವ್ರಿಲ್ ಆ ಕೈಯನ್ನು ಹಿಡಿದುಕೊಂಡಳು. 

ಠಾಣೆಯಲ್ಲಿ ಎಸ್‌ಐ ರಮ್ಲಾ ಊಟದ ಡಬ್ಬಿ ಬಿಚ್ಚುವುದರಲ್ಲಿದ್ದಳು. ಇವರನ್ನು ಕಂಡು ಮುಚ್ಚಿಟ್ಟಳು. ಏವ್ರಿಲ್ ಹೇಳಿದ್ದನ್ನೆಲ್ಲ ಅಡ್ಡ ಮಾತಾಡದೆ ಕೇಳಿದಳು. ಚೀಟಿ ನೋಡಿದಳು, ಲೇಬಲ್ಲಿನ ಫೋಟೋ ನೋಡಿದಳು, ಕೊನೆಗೆ ಒಪ್ಪಂದದ ಪತ್ರದ ಫೋಟೋವನ್ನು ದೊಡ್ಡದು ಮಾಡಿ ಸಹಿ ನೋಡಿದಳು.

"ಇದು ನಿಮ್ಮ ಸಹಿ ಅಂತ ನೀವೇ ಬರೆದು ಕೊಡ್ತೀರಾ?"

"ಬರೆದು ಕೊಡ್ತೇನೆ."

"ಬರೆದ ಮೇಲೆ ನಾನು ನಿಮ್ಮನ್ನು ಮನೆಗೆ ಕಳಿಸ್ಲಿಕ್ಕೆ ಆಗುವುದಿಲ್ಲ. ಅರ್ಥ ಆಯ್ತಲ್ಲ?"

"ಪೆನ್ನು ಕೊಡಿ ಮೇಡಂ."

ರಮ್ಲಾ ಪೆನ್ನು ಕೊಡಲಿಲ್ಲ. ಮೇಜಿನ ಮೇಲೆ ಬೆರಳುಗಳನ್ನು ಒಂದೆರಡು ಸಲ ಬಡಿದಳು.

"ನೀವು ಬರುವ ಒಂದು ಗಂಟೆ ಮುಂಚೆ ದೀಕ್ಷಿತ್ ಇಲ್ಲಿಗೆ ಬಂದ."

ಪ್ರಣೀತಾ ಕುರ್ಚಿಯಿಂದ ಎದ್ದೇಬಿಟ್ಟಳು. "ಬದುಕಿದ್ದಾನಾ?"

"ಬದುಕಿದ್ದಾನೆ. ಸ್ಕೂಟರನ್ನು ಅವನೇ ಸೇತುವೆ ಹತ್ರ ಬಿಟ್ಟು ಬಸ್ಸು ಹತ್ತಿ ಹೋಗಿದ್ದ, ಸತ್ತಿದ್ದಾನೆ ಅಂತ ತಿಳ್ಕೊಳ್ಳಲಿ ಅಂತ. ಅಮ್ಮ ನಾಲ್ಕು ದಿನದಿಂದ ಊಟ ಬಿಟ್ಟಿದ್ದಾರೆ ಅಂತ ಗೊತ್ತಾಗಿ ತಡೀಲಿಕ್ಕಾಗದೆ ಬಂದ." ರಮ್ಲಾ ಏವ್ರಿಲ್‌ಳ ಕಣ್ಣಲ್ಲಿ ಕಣ್ಣಿಟ್ಟಳು. "ಯಾರಿಗೆ ಹೆದರಿ ಓಡಿದ್ದು ಅಂತ ಕೇಳಿದೆ. ಏವ್ರಿಲ್ ಲಸ್ರಾದೊ ಅಂದ. ಇವಳಿಗೆ ಫೋನು ಮಾಡಿ ಎಚ್ಚರಿಸಿದ ಒಂದೇ ಗಂಟೆಯಲ್ಲಿ ನೀವು ಅವನಿಗೆ ಫೋನು ಮಾಡಿದ್ರಂತೆ. ಎಲ್ಲ ಚೀಟಿಯೂ ನಿನ್ನ ಕಂಪ್ಯೂಟರಿನಿಂದಲೇ ಹೋಗಿದೆ, ಜೈಲಿಗೆ ಹೋಗುವವನು ನೀನೊಬ್ಬನೇ, ಅದಕ್ಕಿಂತ ಹೊಳೆ ಒಳ್ಳೆಯದು ಅಂದ್ರಂತೆ."

ಏವ್ರಿಲ್‌ಗೆ ಕಿವಿಯಲ್ಲಿ ಬಿಸಿ ನೀರು ಹೊಯ್ದಂತಾಯಿತು. ತನ್ನ ಹೆಸರಿನಲ್ಲಿ ಯಾರೋ ಒಬ್ಬ ಹುಡುಗನಿಗೆ ಸಾಯಲು ಹೇಳಿದ್ದರು.

"ಅವನನ್ನು ಕರೀರಿ," ಎಂದಳು. "ನನ್ನ ಮುಖ ನೋಡಿ ಅದನ್ನು ಹೇಳ್ಲಿ."

"ಅವನು ಹೆದರಿದ್ದಾನೆ."

"ನಾನು ಹೆದರಿಲ್ಲ. ಕರೀರಿ."

ರಮ್ಲಾ ಯೋಚಿಸಿ, ಒಳಕೋಣೆಯ ಬಾಗಿಲಲ್ಲಿದ್ದ ಪೇದೆಗೆ ಸನ್ನೆ ಮಾಡಿದಳು.

ಬಂದವನು ನಾಲ್ಕು ದಿನದ ಗಡ್ಡ ಬಿಟ್ಟ, ಕಣ್ಣು ಕೆಂಪಾದ ಇಪ್ಪತ್ತನಾಲ್ಕರ ಯುವಕ. ಪ್ರಣೀತಾಳನ್ನು ಧ್ವನಿಯಿಂದ ಮಾತ್ರ ಬಲ್ಲವನು. ಅವಳ ಕೈಯಲ್ಲಿದ್ದ ವಾದ್ಯದ ಪೆಟ್ಟಿಗೆ ನೋಡಿ ಯಾರೆಂದು ತಿಳಿದುಕೊಂಡ.

"ಸಿಕ್ಕಿತಾ ಅಕ್ಕ?" ಎಂದ.

"ಸಿಕ್ಕಿತು ಮಾರಾಯ. ನಿನ್ನಿಂದ ಸಿಕ್ಕಿತು."

ಅವನು ಏವ್ರಿಲ್‌ಳ ಕಡೆ ತಿರುಗಿದ. ಸಭ್ಯತೆಯಿಂದ ಸುಮ್ಮನೆ ತಲೆಬಾಗಿಸಿದ, ಗುರುತಿಲ್ಲದ ಹಿರಿಯರಿಗೆ ಬಾಗಿಸುವಂತೆ.

"ಇವರು ಯಾರು ಅಂತ ಗೊತ್ತುಂಟಾ?" ರಮ್ಲಾ ಕೇಳಿದಳು.

"ಇಲ್ಲ ಮೇಡಂ."

"ಏವ್ರಿಲ್ ಲಸ್ರಾದೊ."

ದೀಕ್ಷಿತ್ ಏವ್ರಿಲ್‌ಳನ್ನು ಮೇಲಿಂದ ಕೆಳಗೆ ನೋಡಿದ. ಅವನ ಮುಖದಲ್ಲಿ ಹೆದರಿಕೆ ಬರಲಿಲ್ಲ. ಗೊಂದಲ ಬಂತು. "ಅಲ್ಲ ಮೇಡಂ. ಏವ್ರಿಲ್ ಮೇಡಂ ಇವರಲ್ಲ. ನಾನು ಅವರನ್ನು ಮೂರು ಸಲ ನೋಡಿದ್ದೇನೆ, ಆಫೀಸಿಗೆ ಬಂದಿದ್ರು. ಇವರಿಗಿಂತ ತುಂಬ ಚಿಕ್ಕವರು. ತಲೆಕೂದಲು ಇಷ್ಟೇ ಉದ್ದ."

ರಮ್ಲಾ ಉಸಿರು ಬಿಟ್ಟಳು. ಪ್ರಣೀತಾ ಏವ್ರಿಲ್‌ಳ ಹೆಗಲು ಹಿಡಿದು ಅಲುಗಿಸಿದಳು.  ಒಪ್ಪಂದದ ಪತ್ರದ ತಾರೀಖನ್ನು ಇನ್ನೊಮ್ಮೆ ನೋಡಬೇಕೆನಿಸಿ ಏವ್ರಿಲ್ ಮೇಜಿನ ಮೇಲಿದ್ದ ತನ್ನ ಫೋನನ್ನು ಎತ್ತಿದಳು. ಪರದೆ ಬೆಳಗಿತು.

"ಇವರೇ!" ದೀಕ್ಷಿತ್ ಒಂದು ಹೆಜ್ಜೆ ಹಿಂದೆ ಸರಿದ. "ಇವರೇ ಏವ್ರಿಲ್ ಮೇಡಂ!"

ಪರದೆಯ ಮೇಲಿದ್ದದ್ದು ಬಜ್ಪೆ ವಿಮಾನ ನಿಲ್ದಾಣದ ಹೊರಗೆ ತೆಗೆದ ಫೋಟೋ. ಟ್ರಾಲಿಯಲ್ಲಿ ಎರಡು ಸೂಟ್‌ಕೇಸು. ಟ್ರಾಲಿ ಹಿಡಿದು ನಗುತ್ತಿದ್ದ ಗಿಡ್ಡ ಕೂದಲಿನ ಹೆಣ್ಣು. ಅವಳ ಹೆಗಲ ಮೇಲೆ ಕೈಯಿಟ್ಟು ಅಳು ತಡೆದು ನಿಂತಿದ್ದವಳು ಏವ್ರಿಲ್.

"ಯಾರು ಅದು?" ರಮ್ಲಾಳ ಧ್ವನಿ ಮೆತ್ತಗಾಗಿತ್ತು.

ಅಮ್ಮ ತೀರಿಕೊಂಡಾಗ ತಂಗಿ ಶರೊನ್‌ಗೆ ಆರು ವರ್ಷ, ಏವ್ರಿಲ್‌ಗೆ ಇಪ್ಪತ್ತು. ಜಡೆ ಹಾಕಿದ್ದು, ಶಾಲೆಗೆ ಕಳಿಸಿದ್ದು, ನರ್ಸಿಂಗ್ ಓದಿಸಿದ್ದು ಏವ್ರಿಲ್. ಎರಡು ವರ್ಷದ ಹಿಂದೆ ಕುವೈತಿಗೆ ಹೊರಟ ದಿನ, ಈ ಫೋಟೋ ತೆಗೆಯುವ ಐದು ನಿಮಿಷ ಮುಂಚೆ, ಕಾರಿನ ಬಾನೆಟ್ಟಿನ ಮೇಲೆ ಹರಡಿಟ್ಟಿದ್ದ ಕಾಗದಗಳು. ಅಕ್ಕನನ್ನು ಶರೊನ್ ಕರೆಯುವುದು ಕೊಂಕಣಿಯ ಬಾಯ್ ಎಂದೇ. "ಬ್ಯಾಂಕಿನ ಫಾರ್ಮು ಬಾಯ್, ನಾಮಿನಿ ನೀನಲ್ವಾ, ಬೇಗ ಸಹಿ ಹಾಕು, ಚೆಕ್-ಇನ್ ಮುಚ್ತದೆ." ಕಣ್ಣು ತುಂಬಿ ಅಕ್ಷರ ಕಾಣುತ್ತಿರಲಿಲ್ಲ. ಅಷ್ಟಕ್ಕೂ ತಂಗಿ ಕೊಟ್ಟ ಕಾಗದವನ್ನು ಯಾರು ಓದುತ್ತಾರೆ?

ಹೇಳದೆ ಇರಬಹುದಿತ್ತು. ಸಂಬಂಧಿಕರಲ್ಲಿ ಯಾರೋ ಎನ್ನಬಹುದಿತ್ತು. ಒಂದು ದಿನದ ಸಮಯ ಸಿಗುತ್ತಿತ್ತು.

"ಬರೀರಿ," ಎಂದಳು ಏವ್ರಿಲ್. "ಶರೊನ್ ಲಸ್ರಾದೊ. ನನ್ನ ತಂಗಿ. ಕುವೈತಿನ ಆಸ್ಪತ್ರೆಯಲ್ಲಿ ನರ್ಸು. ಹೋಗಿ ಎರಡು ವರ್ಷ ಆಯ್ತು, ನಡುವೆ ಒಮ್ಮೆಯೂ ಬಂದಿಲ್ಲ. ಪ್ರತಿ ಭಾನುವಾರ ವಿಡಿಯೋದಲ್ಲಿ ಮಾತಾಡ್ತಾಳೆ."

"ಅವರು ಕಳೆದ ತಿಂಗಳು ಕೂಳೂರಿನಲ್ಲಿದ್ರು," ಎಂದ ದೀಕ್ಷಿತ್ ಸಣ್ಣ ಧ್ವನಿಯಲ್ಲಿ.

ಏವ್ರಿಲ್ ಯಾರ ಅನುಮತಿಯನ್ನೂ ಕೇಳಲಿಲ್ಲ. ಶರೊನ್‌ಳ ಹೆಸರು ಒತ್ತಿ, ಫೋನನ್ನು ನೀರಿನ ಬಾಟಲಿಗೆ ಒರಗಿಸಿ ನಿಲ್ಲಿಸಿದಳು. ರಮ್ಲಾ ಉಳಿದವರಿಗೆ ಪಕ್ಕಕ್ಕೆ ಸರಿಯಿರಿ ಎಂದು ಕೈಯಾಡಿಸಿದಳು.

ನಾಲ್ಕನೆಯ ರಿಂಗಿಗೆ ಶರೊನ್ ಕಾಣಿಸಿಕೊಂಡಳು. ಹಿಂದೆ ಪ್ರತಿ ಭಾನುವಾರ ಕಾಣುವ ಅದೇ ಬಿಳಿ ಪರದೆ. ನಕ್ಕಳು.

"ಎಂತ ಬಾಯ್, ಇಷ್ಟು ಹೊತ್ತಿಗೆ? ಇಲ್ಲಿ ಈಗಷ್ಟೇ ಹತ್ತು ಗಂಟೆ. ನೈಟ್ ಡ್ಯೂಟಿ ಮುಗಿಸಿ ಬಂದೆ, ಕಣ್ಣೆಲ್ಲ ಉರೀತದೆ."

"ಸುಮ್ಮನೆ ಮಾಡಿದೆ ಶರೂ. ಸೆಕೆ ಉಂಟಾ ಅಲ್ಲಿ?"

"ಕೇಳ್ಬೇಡ. ಹೊರಗೆ ಮರಳುಗಾಳಿ. ಕಿಟಕಿ ತೆಗೀಲಿಕ್ಕಿಲ್ಲ."

ಠಾಣೆಯ ಕೆಳಗಿನ ರಸ್ತೆಯಲ್ಲಿ ಧ್ವನಿವರ್ಧಕ ಕಟ್ಟಿದ ರಿಕ್ಷಾವೊಂದು ಬಂತು. ತುಳು ನಾಟಕದ ಪ್ರಚಾರ. ತಬಲಾ, ಹಾರ್ಮೋನಿಯಂ, ಅದರ ಮೇಲೆ ಗಂಡಸಿನ ಗಂಟಲು: "ಇನಿ ಬಯ್ಯಗ್ ಆಜಿ ಗಂಟೆಗ್… ಇಂದು ಸಂಜೆ ಆರು ಗಂಟೆಗೆ… ಮರೆಯದಿರಿ!" ಕಿಟಕಿಯಿಂದ ಅದು ಠಾಣೆಯನ್ನೆಲ್ಲ ತುಂಬಿತು.

ಅರೆಗಳಿಗೆ ತಡವಾಗಿ ಅದೇ ತಬಲಾ, ಅದೇ ಗಂಟಲು ಫೋನಿನೊಳಗಿಂದಲೂ ಬಂತು.

"ಆಜಿ ಗಂಟೆಗ್… ಆರು ಗಂಟೆಗೆ… ಮರೆಯದಿರಿ!"

ರಮ್ಲಾ ಕಿಟಕಿ ನೋಡಿದಳು, ಫೋನು ನೋಡಿದಳು, ಪೇದೆಗೆ ರಿಕ್ಷಾದ ಹಿಂದೆ ಓಡು ಎಂದು ಕೈ ಬೀಸಿದಳು. ಒಂದೇ ರಿಕ್ಷಾ. ಒಂದೇ ರಸ್ತೆ.

ಶರೊನ್‌ಗೂ ಕೇಳಿಸಿತ್ತು. ಅವಳ ನಗು ಮುಖದಲ್ಲಿ ಹಾಗೇ ನಿಂತುಹೋಯಿತು. ಅಕ್ಕನ ಹಿಂದೆ ಕಾಣುತ್ತಿದ್ದ ಖಾಕಿಯ ತೋಳನ್ನು ನೋಡಿದಳು.

"ಎಲ್ಲಿದ್ದೀ ಶರೂ?" ಏವ್ರಿಲ್ ಕೇಳಿದಳು. ಅವಳ ಧ್ವನಿಯಲ್ಲಿ ಸಿಟ್ಟೂ ಇತ್ತು, ಆರು ವರ್ಷದ ಮಗುವಿಗೆ ಜಡೆ ಹಾಕಿದವಳ ಕಕ್ಕುಲಾತಿಯೂ ಇತ್ತು. "ಯಾವ ಮನೆ ಹೇಳು. ನಾನು ಬರ್ತೇನೆ."

ಶರೊನ್‌ಳ ಕಣ್ಣು ಒಮ್ಮೆಲೇ ತನ್ನ ಎಡಗಡೆಗೆ ಹೊರಳಿತು. ಅಲ್ಲಿ ಯಾರೋ ನಿಂತಿದ್ದರು. ಅವಳು ಮುಂದಕ್ಕೆ ಬಾಗಿ, ಕೊಂಕಣಿಯಲ್ಲಿ, ಒಂದೇ ಉಸಿರಿಗೆ ಕೂಗಿದಳು:

"ಯೇನಾಕಾ ಬಾಯ್!" ಬರಬೇಡ ಅಕ್ಕ!

ಗಂಡಸಿನ ಕೈಯೊಂದು ಅಡ್ಡ ಬಂದು ಫೋನನ್ನು ಕಿತ್ತುಕೊಂಡಿತು. ಪರದೆ ಕಪ್ಪಾಯಿತು.

ಏವ್ರಿಲ್ ಆಗಲೇ ಮೆಟ್ಟಿಲಿಳಿಯುತ್ತಿದ್ದಳು.